ನನಗೇ ಬೇಕು, 43 ಇದೆಯಾ?

ಪ್ರಶ್ನೆ: ನನಗೆ 34 ವರ್ಷ. ಊರು ಹಾಸನದ ಕಡೆ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಕಾಲೇಜಿನ ದಿನಗಳಿಂದಲೂ ನನಗೆ ಹೈ ಹೀಲ್ಸ್ ಅಂದರೆ ಇಷ್ಟ. ಅಂಗಡಿಯ ಗಾಜಿನ ಹಿಂದೆ ನೋಡುವುದೂ ಇಷ್ಟ, ಹಾಕಿಕೊಂಡು ನಡೆಯುವುದೂ ಇಷ್ಟ. ಸೀರೆ, ಚೂಡಿದಾರದ ಆಸೆ ನನಗಿಲ್ಲ. ಮೀಸೆ ಇದೆ, ಜೀನ್ಸ್ ಹಾಕುತ್ತೇನೆ, ಅದರ ಕೆಳಗೆ ಹೀಲ್ಸ್ ಇರಬೇಕು, ಅಷ್ಟೇ. ಇಲ್ಲಿಯವರೆಗೆ 'ಹೆಂಡತಿಗೆ' ಅಂತ ಸುಳ್ಳು ಹೇಳಿ ಕೆಲವು ಜೋಡಿ ತಂದಿದ್ದೇನೆ. ಒಂದೂ ಸರಿಯಾಗಿ ಕೂರುವುದಿಲ್ಲ. ಹತ್ತು ನಿಮಿಷಕ್ಕೆ ಕಾಲು ಉರಿಯಲು ಶುರುವಾಗುತ್ತದೆ. ನನ್ನ ಶೂ ಅಳತೆ 9. ಹೆಂಡತಿಗೆ ವಿಷಯ ಗೊತ್ತು. ಮನೆಯೊಳಗೆ ಹಾಕಿಕೊಂಡರೆ ಏನೂ ಅನ್ನುವುದಿಲ್ಲ, ಹೊರಗೆ ಮಾತ್ರ ಬೇಡ ಅನ್ನುತ್ತಾಳೆ. ಇದು ಕಾಯಿಲೆಯಾ? ಅಂಗಡಿಯಲ್ಲಿ ಹೇಗೆ ಕೇಳಬೇಕು? ಹೊರಗೆ ಹಾಕಿಕೊಂಡು ಓಡಾಡಿದರೆ ಪೊಲೀಸರು ತಕರಾರು ಮಾಡುತ್ತಾರಾ? ಕಾಲು ಹಾಳಾಗುತ್ತದಾ?

ಉತ್ತರ: ನಾನು ಮನಶ್ಶಾಸ್ತ್ರ ಓದಿದವಳಲ್ಲ. ಶೂ, ಚಪ್ಪಲಿಗಳ ವಿನ್ಯಾಸ ನನ್ನ ಕೆಲಸ. ಹಾಗಾಗಿ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು 'ಹತ್ತು ನಿಮಿಷಕ್ಕೆ ಕಾಲು ಉರಿಯುತ್ತದೆ' ಅನ್ನುವ ಸಾಲಿಗೆ. ಅದಕ್ಕೆ ಕಾರಣವನ್ನು ನೀವೇ ಅದರ ಹಿಂದಿನ ಸಾಲಿನಲ್ಲಿ ಬರೆದಿದ್ದೀರಿ. 'ಹೆಂಡತಿಗೆ' ಅಂದಿರಿ. ಹಾಗಂದ ಮೇಲೆ ಅಂಗಡಿಯಲ್ಲಿ ಕೂತು ಹಾಕಿ ನೋಡುವ ಹಾಗಿಲ್ಲ. ಅಂದಾಜಿನ ಮೇಲೆ ಇರುವುದರಲ್ಲೇ ದೊಡ್ಡದನ್ನು ಕಟ್ಟಿಸಿಕೊಂಡು ಬಂದಿದ್ದೀರಿ. ಯಾವ ಚಪ್ಪಲಿಯನ್ನೂ ಹಾಗೆ ಕೊಳ್ಳಬಾರದು, ಹೀಲ್ಸ್ ಅಂತೂ ಕೊಳ್ಳಲೇಬಾರದು. ನಿಮ್ಮ ಅರ್ಧ ತೊಂದರೆ ಆ ಒಂದು ಸುಳ್ಳಿನಿಂದಲೇ ಬಂದಿದೆ.

ಕಾಯಿಲೆಯ ಮಾತು ಮೊದಲು ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, ಇನ್ನೊಂದು ಲಿಂಗದವರ ಉಡುಪು ತೊಡುವ ಆಸೆಗೆ ಹಿಂದೆ ಒಂದು ರೋಗದ ಹೆಸರು, ಒಂದು ನಂಬರು ಇತ್ತು. 2019ರಲ್ಲಿ ಒಪ್ಪಿಗೆ ಪಡೆದು 2022ರ ಜನವರಿಯಿಂದ ಜಾರಿಗೆ ಬಂದ 11ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಈ ಆಸೆಯಿಂದ ನಿಮಗೆ ನಿದ್ದೆ ಕೆಡುತ್ತಿದ್ದರೆ, ಸಾಲ ಮಾಡಿ ಕೊಳ್ಳುತ್ತಿದ್ದರೆ, ನಿಮ್ಮ ಮೇಲೆ ನಿಮಗೇ ಹೇಸಿಗೆ ಅನಿಸುತ್ತಿದ್ದರೆ ಒಬ್ಬ ಆಪ್ತಸಮಾಲೋಚಕರ ಹತ್ತಿರ ಮಾತಾಡಿ. ಆ ಸಂಕಟಕ್ಕೆ ಮದ್ದು ಬೇಕಾಗಬಹುದು, ಹೀಲ್ಸ್‌ಗೆ ಬೇಡ. ಕೆಲವರಿಗೆ ಇದರಲ್ಲಿ ಲೈಂಗಿಕ ಸುಖವೂ ಸೇರಿರುತ್ತದೆ. ಅದು ದಂಪತಿಯ ಕೋಣೆಯೊಳಗಿನ ಮಾತು, ಇಬ್ಬರಿಗೂ ಒಪ್ಪಿಗೆ ಇದ್ದರೆ ಮೂರನೆಯವರಿಗೆ ಕೆಲಸವಿಲ್ಲ. ನೀವು ಅದನ್ನು ಬರೆದಿಲ್ಲ, ನಾನೂ ಕೆದಕುವುದಿಲ್ಲ.

ಇನ್ನೊಂದು ಅನುಮಾನ ನಿಮ್ಮ ಪತ್ರದ ಸಂದಿಯಲ್ಲಿ ಇಣುಕುತ್ತಿದೆ. ಹೀಲ್ಸ್ ಇಷ್ಟ ಅಂದರೆ ನಾನು ಇನ್ಯಾರೋ ಇರಬಹುದಾ ಅನ್ನುವುದು. ಮಾರ್ಕ್ ಬ್ರಯಾನ್ ಅಂತ ಒಬ್ಬ ಅಮೆರಿಕನ್ ಇದ್ದಾರೆ. ರೋಬಾಟಿಕ್ಸ್ ಎಂಜಿನಿಯರ್, ಜರ್ಮನಿಯಲ್ಲಿ ವಾಸ. ಬೋಳು ತಲೆ, ಮೇಲೆ ಶರ್ಟು, ಟೈ, ಕೋಟು. ಕೆಳಗೆ ಮೊಣಕಾಲಿನವರೆಗಿನ ಬಿಗಿ ಸ್ಕರ್ಟು ಮತ್ತು ಚೂಪು ಹೀಲ್ಸ್. ಆ ವೇಷದಲ್ಲೇ ಕೆಲಸಕ್ಕೂ ಹೋಗುತ್ತಾರೆ, ಮಾರುಕಟ್ಟೆಗೂ ಹೋಗುತ್ತಾರೆ. ಮದುವೆಯಾಗಿದೆ, ಮಕ್ಕಳಿದ್ದಾರೆ. ಬಟ್ಟೆಗೆ ಗಂಡು ಹೆಣ್ಣು ಇಲ್ಲ ಅನ್ನುವುದು ಅವರ ವಾದ. 2020ರ ಹೊತ್ತಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಅವರ ಫೋಟೋಗಳು ಜಗತ್ತಿನಾದ್ಯಂತ ಓಡಾಡಿದವು. ಹೀಲ್ಸ್ ಹಾಕುವ ಗಂಡಸರಲ್ಲಿ ಸಲಿಂಗಿಗಳಿದ್ದಾರೆ, ಅಲ್ಲದವರೂ ಇದ್ದಾರೆ. ತಮ್ಮನ್ನು ಹೆಣ್ಣು ಅಂತ ಭಾವಿಸುವವರೂ ಇದ್ದಾರೆ, ನಿಮ್ಮ ಹಾಗೆ ಮೀಸೆ ತಿರುವುವವರೂ ಇದ್ದಾರೆ. ಕಾಲಲ್ಲಿ ಏನಿದೆ ಅನ್ನುವುದರ ಮೇಲೆ ಮನುಷ್ಯ ಯಾರು ಅಂತ ಹೇಳಲು ಬರುವುದಿಲ್ಲ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ನಿಮ್ಮ 9 ಅನ್ನುವುದು ಗಂಡಸರ ಯು.ಕೆ. ಅಳತೆ. ಯುರೋಪಿನ ಲೆಕ್ಕದಲ್ಲಿ ಸುಮಾರು 43. ನಮ್ಮ ಅಂಗಡಿಗಳಲ್ಲಿ ಹೆಂಗಸರ ಹೀಲ್ಸ್ ಸಾಮಾನ್ಯವಾಗಿ 36ರಿಂದ ಶುರುವಾಗಿ 40 ಅಥವಾ 41ಕ್ಕೆ ನಿಲ್ಲುತ್ತವೆ. ನೀವು ತಂದ ಜೋಡಿಗಳ ಒಳಗೆ ನೋಡಿ, ಹೆಚ್ಚುಕಡಿಮೆ ಎಲ್ಲದರಲ್ಲೂ 41 ಅಂತಲೇ ಇರುತ್ತದೆ. ಎರಡು ಅಳತೆ ಚಿಕ್ಕದು. ಯುರೋಪಿನ ಒಂದೊಂದು ನಂಬರು ಅಂದರೆ ಸೆಂಟಿಮೀಟರಿನ ಮೂರನೇ ಎರಡು ಪಾಲು. ಎರಡು ನಂಬರಿಗೆ 1.3 ಸೆಂ.ಮೀ. ಆಯಿತು. ಹೀಲ್ಸ್‌ನಲ್ಲಿ ಮೈಭಾರ ಮೊದಲೇ ಮುಂದಕ್ಕೆ ಜಾರುತ್ತಿರುತ್ತದೆ. ಅಲ್ಲಿ ಇಷ್ಟು ಜಾಗ ಕಡಿಮೆಯಾದರೆ ಬೆರಳುಗಳು ಮಡಚಿಕೊಳ್ಳದೆ ಬೇರೆ ದಾರಿಯಿಲ್ಲ. ಲೆದರ್ ಅಲ್ವಾ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂತ ಅಂಗಡಿಯವರು ಹೇಳುತ್ತಾರೆ. ಅಗಲಕ್ಕೆ ಒಂದಿಷ್ಟು ಬಿಡುತ್ತದೆ, ನಿಜ. ಉದ್ದಕ್ಕೆ ಬಿಡುವುದಿಲ್ಲ. ರೆಕ್ಸಿನ್ ಆದರೆ ಅಗಲಕ್ಕೂ ಬಿಡುವುದಿಲ್ಲ.

ನಂಬರುಗಳನ್ನು ನಂಬಿ ಕೂರಬೇಡಿ. ನಮ್ಮಲ್ಲಿ ಹಲವು ಬ್ರ್ಯಾಂಡುಗಳು ಹೆಂಗಸರ 8ನ್ನು 41 ಅಂತ ಬರೆಯುತ್ತವೆ, ಗಂಡಸರ 8ನ್ನು 42 ಅಂತ ಬರೆಯುತ್ತವೆ. ಅಮೆರಿಕದ ಲೆಕ್ಕ ಇನ್ನೂ ಬೇರೆ. ಅಲ್ಲಿ ಗಂಡಸರ ನಂಬರಿಗೆ ಸುಮಾರು ಒಂದೂವರೆ ಸೇರಿಸಿದರೆ ಹೆಂಗಸರ ನಂಬರು ಸಿಗುತ್ತದೆ. ನಿಮ್ಮ ಯು.ಕೆ. 9 ಅಲ್ಲಿ ಗಂಡಸರ 10, ಹೆಂಗಸರ ಸಾಲಿನಲ್ಲಿ ಹನ್ನೊಂದೂವರೆ ಅಥವಾ 12. ಇಷ್ಟೆಲ್ಲ ಗೊಂದಲ ಬೇಡ ಅಂದರೆ ಸಂಜೆ ಹೊತ್ತು ಗೋಡೆಗೆ ಹಿಮ್ಮಡಿ ಒತ್ತಿ ಒಂದು ಹಾಳೆಯ ಮೇಲೆ ನಿಂತುಕೊಳ್ಳಿ. ಉದ್ದ ಬೆರಳಿನ ತುದಿಗೆ ಗುರುತು ಹಾಕಿ ಸೆಂಟಿಮೀಟರಿನಲ್ಲಿ ಅಳೆಯಿರಿ. ಸಂಜೆ ಯಾಕೆ ಅಂದರೆ ದಿನವಿಡೀ ಓಡಾಡಿದ ಮೇಲೆ ಕಾಲು ಕೊಂಚ ಊದಿರುತ್ತದೆ. ಎರಡೂ ಕಾಲು ಅಳೆಯಿರಿ. ತುಂಬ ಜನರಿಗೆ ಒಂದು ಕಾಲು ಇನ್ನೊಂದಕ್ಕಿಂತ ಒಂದೆಳೆ ದೊಡ್ಡದಿರುತ್ತದೆ, ದೊಡ್ಡದರ ಲೆಕ್ಕವನ್ನೇ ಹಿಡಿಯಿರಿ. ಜತೆಗೆ ಬೆರಳುಗಳ ಬುಡದಲ್ಲಿ, ಪಾದ ಅತಿ ಅಗಲ ಇರುವ ಕಡೆ, ಟೇಪು ಸುತ್ತಿ ಸುತ್ತಳತೆ ಬರೆದಿಟ್ಟುಕೊಳ್ಳಿ. ಗಂಡಸರ ಪಾದ ಅದೇ ಉದ್ದದ ಹೆಂಗಸರ ಪಾದಕ್ಕಿಂತ ಸಾಮಾನ್ಯವಾಗಿ ಅಗಲ. ಉದ್ದ ಸರಿಹೊಂದಿದರೂ ಪಕ್ಕದಲ್ಲಿ ಒತ್ತುವುದು ಇದೇ ಕಾರಣಕ್ಕೆ.

ನಿಮಗೆ ಖುಷಿ ಕೊಡುವ ಒಂದು ಲೆಕ್ಕವೂ ಇದೆ. ಹೀಲ್ಸ್ ಎಷ್ಟು ಕಷ್ಟ ಅನ್ನುವುದು ಬರೀ ಎತ್ತರದಿಂದ ತೀರ್ಮಾನ ಆಗುವುದಿಲ್ಲ. ಹಿಮ್ಮಡಿಯಿಂದ ಬೆರಳಿನ ಬುಡದವರೆಗಿನ ಇಳಿಜಾರು ಎಷ್ಟು ಕಡಿದು ಅನ್ನುವುದೂ ಮುಖ್ಯ. ಉದ್ದ ಕಾಲಿಗೆ ಇಳಿಜಾರು ಉದ್ದಕ್ಕೆ ಹರಡುತ್ತದೆ. 38ರ ಅಳತೆಯ ಕಾಲಿಗೆ 3 ಇಂಚಿನ ಹೀಲ್ ಎಷ್ಟು ಕಡಿದೋ, ನಿಮ್ಮ 43ರ ಕಾಲಿಗೆ ಸುಮಾರು 3.4 ಇಂಚಿನ ಹೀಲ್ ಅಷ್ಟೇ ಕಡಿದು. ಮುಂದುಗಡೆಯೂ ದಪ್ಪ ಅಟ್ಟೆ ಇದ್ದರೆ ಅದನ್ನು ಕಳೆಯಬೇಕು. 4 ಇಂಚಿನ ಹೀಲ್‌ಗೆ ಮುಂದೆ 1 ಇಂಚು ಪ್ಲಾಟ್‌ಫಾರ್ಮ್ ಇದ್ದರೆ ನಿಮ್ಮ ಕಾಲಿಗೆ ಸಿಗುವ ಏರು 3 ಇಂಚು ಮಾತ್ರ. ಚಿಕ್ಕ ಅಳತೆಯಲ್ಲಿ 3 ಇಂಚು ಅಂದವಾಗಿ ಕಂಡರೆ ದೊಡ್ಡ ಅಳತೆಯಲ್ಲಿ ಅದೇ 3 ಇಂಚು ಕೊಂಚ ಗಿಡ್ಡ ಅನಿಸುವುದೂ ಇದೇ ಕಾರಣಕ್ಕೆ. ಅದು ನಿಮ್ಮ ಕಣ್ಣಿನ ಭ್ರಮೆಯಲ್ಲ.

ಎಲ್ಲಿ ಸಿಗುತ್ತದೆ? ಕಮರ್ಷಿಯಲ್ ಸ್ಟ್ರೀಟ್, ಬ್ರಿಗೇಡ್ ರೋಡ್, ಜಯನಗರ ನಾಲ್ಕನೇ ಬ್ಲಾಕ್ ಎಲ್ಲ ಸುತ್ತಿದರೂ 43 ಸಿಗುವುದು ಅಪರೂಪ. ಹೆಂಗಸರಲ್ಲೂ ಉದ್ದ ಕಾಲಿನವರು ಇದೇ ಗೋಳು ಹೇಳುತ್ತಾರೆ. ಅಂತರ್ಜಾಲದಲ್ಲಿ ಹುಡುಕುವಾಗ ಅಳತೆಯ ಕಡೆಯಿಂದ ಶುರುಮಾಡಿ, 42ಕ್ಕಿಂತ ದೊಡ್ಡದು ಅಂತ ಜರಡಿ ಹಿಡಿದ ಮೇಲೆ ಬಣ್ಣ ನೋಡಿ. ತಿರುಗಿ ಕೊಡುವ ಸೌಲಭ್ಯ ಇಲ್ಲದ ಕಡೆ ಕೊಳ್ಳಬೇಡಿ. ಮನೆಗೆ ಬಂದ ಜೋಡಿಯನ್ನು ಹೊಸಿಲು ದಾಟಿಸದೆ ಚಾಪೆಯ ಮೇಲೆ ನಡೆದು ನೋಡಿ, ಅಟ್ಟೆ ಕೊಳೆಯಾದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಹೊರದೇಶದಲ್ಲಿ ದೊಡ್ಡ ಅಳತೆಗೇ ಹೆಸರಾದ ಕಂಪನಿಗಳಿವೆ. ಕ್ಯಾಲಿಫೋರ್ನಿಯಾದ ಪ್ಲೀಸರ್ ಅಂಥದ್ದು, ಗಂಡಸರ ಕಾಲಿಗೆ ಹಿಡಿಸುವ ಅಳತೆಗಳನ್ನೂ ಅವರು ಮಾಡುತ್ತಾರೆ. ತರಿಸುವ ಖರ್ಚು, ಸುಂಕ ಸೇರಿದರೆ ಜೇಬಿಗೆ ಭಾರ. ಅದಕ್ಕಿಂತ, ಕಾಲಿನ ಅಳತೆ ತೆಗೆದುಕೊಂಡು ಶೂ ಹೊಲಿದುಕೊಡುವವರು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ, ಅವರನ್ನು ಹುಡುಕಿ. ಕೇಳಬೇಕಾದ ಪ್ರಶ್ನೆ ಒಂದೇ: ಈ ಎತ್ತರಕ್ಕೆ ತಕ್ಕ ಅಚ್ಚು ನಿಮ್ಮ ಹತ್ತಿರ ನನ್ನ ಅಳತೆಯಲ್ಲಿ ಇದೆಯಾ? ಅಚ್ಚು ಅಂದರೆ ಶೂ ಕಟ್ಟಲು ಒಳಗಿಡುವ, ಪಾದದ ಆಕಾರದ ಗಟ್ಟಿ ತುಂಡು. ಗಂಡಸರ ಶೂವಿನ ಚಪ್ಪಟೆ ಅಚ್ಚಿನ ಮೇಲೆ ಮೇಲ್ಭಾಗ ಹೊಲಿದು, ಆಮೇಲೆ ಕೆಳಗೆ ಉದ್ದ ಹೀಲ್ ಅಂಟಿಸಿಕೊಟ್ಟರೆ ಅದು ನಡೆಯಲು ಬರುವ ಚಪ್ಪಲಿ ಆಗುವುದಿಲ್ಲ. ಇದೆ ಅಂದರೆ ಅಚ್ಚನ್ನು ತೋರಿಸಲು ಹೇಳಿ, ಸಂಕೋಚ ಬೇಡ.

ಶುರುವಿಗೆ ಇನ್ನೊಂದು ಸುಲಭದ ದಾರಿ ಇದೆ. ಸಾಲ್ಸಾ, ಚಾ ಚಾ ಥರದ ಲ್ಯಾಟಿನ್ ಕುಣಿತಕ್ಕೆ ಗಂಡಸರಿಗೆಂದೇ ಮಾಡುವ ಶೂಗಳಿವೆ. ಹೀಲ್ ಒಂದೂವರೆ ಇಂಚು ಇರುತ್ತದೆ. ಅಳತೆ ಸಿಗುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ, ಕಾಲಿಗೂ ಅಭ್ಯಾಸ ಆಗುತ್ತದೆ.

ಅಂಗಡಿಯಲ್ಲಿ ಹೇಗೆ ಕೇಳಬೇಕು ಅಂದಿರಿ. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, ವಾರದ ನಡುವಿನ ದಿನ, ಊಟದ ಹೊತ್ತಿನ ಆಸುಪಾಸು. ನೇರ ಹೆಂಗಸರ ಸಾಲಿನ ಮುಂದೆ ನಿಂತು ಕೇಳಿ: "ಈ ಮಾದರಿಯಲ್ಲಿ 43 ಇದೆಯಾ?" "ಮೇಡಂಗಾ ಸಾರ್?" ಅನ್ನುತ್ತಾರೆ. "ಇಲ್ಲ, ನನಗೇ. ಹಾಕಿ ನೋಡಬೇಕು." ಇಷ್ಟೇ. ಕಾರಣ ಕೊಡಬೇಡಿ. ನಾಟಕಕ್ಕೆ, ಕಾಲೇಜ್ ಡೇಗೆ, ಗೆಳೆಯರ ಪಂದ್ಯಕ್ಕೆ ಅಂತ ಕತೆ ಕಟ್ಟಬೇಡಿ. ಕತೆ ಹೇಳಿದ ಕೂಡಲೇ ಎದುರಿನವರು ನಗಬೇಕೋ ಬೇಡವೋ ಅಂತ ನಿಮ್ಮ ಮುಖ ನೋಡಲು ಶುರುಮಾಡುತ್ತಾರೆ. ಅಳತೆ ಕೇಳಿದರೆ ಅಳತೆ ಹುಡುಕಲು ಹೋಗುತ್ತಾರೆ. ಕಮಿಷನ್ ಮೇಲೆ ದುಡಿಯುವ ಹುಡುಗನಿಗೆ ನಿಮ್ಮ ಮೀಸೆಗಿಂತ ಬಿಲ್ಲು ಮುಖ್ಯ. ಯಾರೋ ಹಿಂದೆ ನಿಂತು ಕಿಸಕ್ಕನೆ ನಗಬಹುದು. ನಗಲಿ. ಆದರೆ ಅಂಗಡಿಯವರೇ ಅವಮಾನ ಮಾಡಿದರೆ ಅಲ್ಲಿ ಕಾಸು ಬಿಚ್ಚಬೇಡಿ, ಪಕ್ಕದ ಅಂಗಡಿ ಇದ್ದೇ ಇದೆ. ಕಾಲುಚೀಲದ ತೊಂದರೆಯೂ ಬರುತ್ತದೆ, ದಪ್ಪ ಹತ್ತಿಯ ಕಾಲುಚೀಲದಲ್ಲಿ ಹೀಲ್ಸ್ ಹಾಕಿ ನೋಡಿದರೆ ಲೆಕ್ಕ ತಪ್ಪುತ್ತದೆ. ಬರಿಗಾಲು, ಇಲ್ಲವೇ ತೆಳು ನೈಲಾನ್ ಸಾಕ್ಸ್.

ಕೈಗೆ ಬಂದ ಜೋಡಿಯನ್ನು ಮೊದಲು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹೀಲ್ ನೆಟ್ಟಗೆ ನಿಂತಿರಬೇಕು. ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಅಲ್ಲಾಡಬಾರದು. ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ. ನಡುಭಾಗ ಬಗ್ಗಿದರೆ ಒಳಗಿನ ಸ್ಟೀಲ್ ಪಟ್ಟಿ ಕಳಪೆಯದು ಅಂತ ಅರ್ಥ. ಅದನ್ನು ಶ್ಯಾಂಕ್ ಅನ್ನುತ್ತಾರೆ, ಇಡೀ ಶೂವಿನ ಬೆನ್ನುಮೂಳೆ ಅದು. ನಿಮ್ಮ ಮೈಭಾರ ಬರೆದಿಲ್ಲ. 75 ಕೆಜಿ ದಾಟಿದ್ದರೆ ಮೊದಲ ಜೋಡಿಯಾಗಿ ಸ್ಟಿಲೆಟೋ ಬೇಡವೇ ಬೇಡ. ಆ ಸೂಜಿ ಹೀಲ್‌ನ ತುದಿ ಹೆಚ್ಚೆಂದರೆ ಒಂದು ಬಟಾಣಿಯಷ್ಟಿರುತ್ತದೆ. ಅಗಲದ ಬ್ಲಾಕ್ ಹೀಲ್ ತೆಗೆದುಕೊಳ್ಳಿ, ಎರಡರಿಂದ ಎರಡೂವರೆ ಇಂಚು, ಕಾಲಗಂಟಿನ ಸುತ್ತ ಬೆಲ್ಟು ಇರುವಂಥದ್ದು. ಗಿಡ್ಡ ಬೂಟ್ ಆದರೆ ಇನ್ನೂ ಒಳ್ಳೆಯದು, ಕಾಲಗಂಟನ್ನು ಸುತ್ತಲೂ ಹಿಡಿದುಕೊಳ್ಳುತ್ತದೆ. ಜೀನ್ಸ್ ಕೆಳಗೆ ಚೆಂದವೂ ಹೌದು.

ನೆಂಟರಲ್ಲಿ ಯಾರಾದರೂ 'ಇದೇನು ಹೆಂಗಸರ ಚಪ್ಪಲಿ' ಅಂದರೆ ಹೇಳಲು ನಿಮಗೆ ಒಂದಿಷ್ಟು ಸರಕು ಕೊಡುತ್ತೇನೆ. ಹೀಲ್ಸ್ ಶುರುವಾಗಿದ್ದೇ ಗಂಡಸರ ಕಾಲಲ್ಲಿ. ಪರ್ಶಿಯಾದ ಕುದುರೆ ಸವಾರರು ಎತ್ತರದ ಹಿಮ್ಮಡಿಯ ಶೂ ಹಾಕುತ್ತಿದ್ದರು. ಓಡುವ ಕುದುರೆಯ ಮೇಲೆ ಎದ್ದುನಿಂತು ಬಾಣ ಬಿಡುವಾಗ ಸವಾರ ಕಾಲಿಡುವ ರಿಕಾಪಿನಿಂದ ಪಾದ ಜಾರಬಾರದಲ್ಲ, ಅದಕ್ಕೆ. 1599ರಲ್ಲಿ ಅಲ್ಲಿನ ದೊರೆ ಷಾ ಅಬ್ಬಾಸ್ ಯುರೋಪಿನ ದೊರೆಗಳ ಹತ್ತಿರ ರಾಯಭಾರಿಗಳನ್ನು ಕಳಿಸಿದ. ಆ ಕಾಲದಲ್ಲಿ ಪರ್ಶಿಯಾದ ಶೋಕಿ ಯುರೋಪಿಗೆ ಹತ್ತಿಕೊಂಡಿತು. ಅಲ್ಲಿನ ಸಿರಿವಂತ ಗಂಡಸರು ಕುದುರೆ ಇಲ್ಲದಾಗಲೂ ಹೀಲ್ಸ್ ಹಾಕಲು ಶುರುಮಾಡಿದರು. ಕೆಸರಿನಲ್ಲಿ ಹೂಳುವ, ಹೊಲದಲ್ಲಿ ನಡೆಯಲಾಗದ ಶೂ ಹಾಕುವುದೇ ದೊಡ್ಡಸ್ತಿಕೆ, ನಾನು ದುಡಿಯಬೇಕಾಗಿಲ್ಲ ಅಂತ ತೋರಿಸಿಕೊಳ್ಳುವುದು. ಫ್ರಾನ್ಸಿನ ದೊರೆ 14ನೇ ಲೂಯಿ ಅಂತೂ ಹೀಲ್‌ಗೆ ಕೆಂಪು ಬಣ್ಣ ಹಾಕಿಸಿ, ಅದು ತನ್ನ ಆಸ್ಥಾನದ ಗುರುತು ಅಂತ ಮಾಡಿಟ್ಟ. 1701ರಲ್ಲಿ ಹ್ಯಾಸಿಂತ್ ರಿಗೋ ಬರೆದ ಅವನ ದೊಡ್ಡ ಚಿತ್ರ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಅರವತ್ತು ದಾಟಿದ ಅರಸ, ಬಿಳಿ ಕಾಲುಚೀಲ, ಕೆಂಪು ಹೀಲ್ಸ್. ನಿಲುವಂಗಿಯನ್ನು ಬೇಕೆಂದೇ ಸರಿಸಿ ಕಾಲು ತೋರಿಸಿಕೊಂಡು ನಿಂತಿದ್ದಾನೆ. ಹೆಂಗಸರು ಹೀಲ್ಸ್ ಹಾಕಲು ಶುರುಮಾಡಿದ್ದು ಗಂಡಸರದ್ದನ್ನು ನೋಡಿ. ಗಂಡಸರು ಅದನ್ನು ಪೂರಾ ಬಿಟ್ಟಿದ್ದು 1740ರ ಹೊತ್ತಿಗೆ. ಈ ಕತೆಯನ್ನೇ ಇಟ್ಟುಕೊಂಡು ಟೊರೊಂಟೊದ ಬಾಟಾ ಶೂ ಮ್ಯೂಸಿಯಂ 2015ರಲ್ಲಿ ಹೀಲ್ಸ್ ಹಾಕಿದ ಗಂಡಸರ ಬಗ್ಗೆ ಒಂದು ಪ್ರದರ್ಶನ ಮಾಡಿತ್ತು. ನಮ್ಮೂರಿನ ಸರ್ಕಲ್‌ನಲ್ಲಿ ಬೋರ್ಡು ಕಾಣುವ ಅದೇ ಬಾಟಾ ಮನೆತನದ ಮ್ಯೂಸಿಯಂ ಅದು.

ಬಿಟ್ಟರು ಅಂದೆ, ಆದರೆ ಪೂರಾ ಎಲ್ಲಿ ಬಿಟ್ಟರು? ಅಮೆರಿಕದ ಕೌಬಾಯ್ ಬೂಟಿಗೆ ಹೀಲ್ ಇದೆ. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಹುಡುಗರು ಹಾಕಿದ ಬೂಟಿಗೆ ಕ್ಯೂಬನ್ ಹೀಲ್ ಅನ್ನುವ ದಪ್ಪ ಹೀಲ್ ಇತ್ತು. ಗಾಯಕ ಪ್ರಿನ್ಸ್ ವೇದಿಕೆಯ ಮೇಲೂ ಕೆಳಗೂ ಹೀಲ್ಸ್‌ನಲ್ಲೇ ಇರುತ್ತಿದ್ದರು. ಅಷ್ಟು ದೂರ ಯಾಕೆ, ಬೆಲ್‌ಬಾಟಂ ಕಾಲದ ನಿಮ್ಮ ಸೋದರಮಾವಂದಿರ ಫೋಟೋ ತೆಗೆದು ನೋಡಿ. ಪ್ಯಾಂಟಿನ ಗಂಟೆಯ ಕೆಳಗೆ ಎರಡು ಇಂಚಿನ ಹಿಮ್ಮಡಿ ಇಣುಕುತ್ತಿರುತ್ತದೆ. ಇವತ್ತಿಗೂ ಮದುಮಗ ಗಿಡ್ಡ ಕಾಣಬಾರದು ಅಂತ ಒಳಗಡೆ ಎರಡು, ಮೂರು ಇಂಚು ಎತ್ತರಿಸಿದ ಶೂಗಳು ಧಾರಾಳವಾಗಿ ಮಾರಾಟ ಆಗುತ್ತವೆ. ಗಂಡಸು ಹೀಲ್ಸ್ ಹಾಕುವುದಕ್ಕೆ ಯಾರ ತಕರಾರೂ ಇಲ್ಲ ಅಂತಾಯಿತು, ಹೊರಗೆ ಕಾಣಬಾರದು ಅಷ್ಟೇ!

ಕೆಲವು ಹೆಂಗಸರು ನಿಮ್ಮ ಆಸೆ ಕೇಳಿ ಬೇರೆ ಕಾರಣಕ್ಕೆ ಸಿಡುಕಬಹುದು. ಲಂಡನ್‌ನಲ್ಲಿ ನಿಕೋಲಾ ಥಾರ್ಪ್ ಅನ್ನುವ ಹೆಂಗಸು ಸ್ವಾಗತಕಾರಿಣಿ ಕೆಲಸಕ್ಕೆ ಚಪ್ಪಟೆ ಶೂ ಹಾಕಿಕೊಂಡು ಹೋದರು ಅಂತ ಮನೆಗೆ ಕಳಿಸಿದ್ದರು. 2016ರಲ್ಲಿ ಅವರ ಅರ್ಜಿಗೆ ಒಂದು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿ, ಮರುವರ್ಷ ಅದು ಪಾರ್ಲಿಮೆಂಟಿನಲ್ಲಿ ಚರ್ಚೆಯಾಯಿತು. 2019ರಲ್ಲಿ ಜಪಾನಿನ ಯುಮಿ ಇಶಿಕಾವಾ, ಆಫೀಸಿನಲ್ಲಿ ಹೀಲ್ಸ್ ಕಡ್ಡಾಯ ಮಾಡುವುದರ ವಿರುದ್ಧ ಚಳವಳಿಯನ್ನೇ ಶುರುಮಾಡಿದರು. ನಾವು ಕಷ್ಟಪಟ್ಟು ಕಳಚಿ ಎಸೆಯುತ್ತಿರುವುದನ್ನು ನೀವು ಶೋಕಿಗೆ ಎತ್ತಿಕೊಳ್ಳುತ್ತೀರಾ ಅಂತ ಅವರು ಕೇಳಿದರೆ ಆ ಕೋಪಕ್ಕೆ ಅರ್ಥವಿದೆ. ಬೇಕಾದವರು ಹಾಕಲಿ, ಬೇಡದವರು ಬಿಡಲಿ ಅನ್ನುವುದು ನನ್ನ ಮಾತು. ಹೀಲ್ಸ್ ಚೆಂದ ಅಂತ ನಿಮ್ಮ ಹೆಂಡತಿಗೂ ಹಾಕಿಕೊಳ್ಳಲು ಒತ್ತಾಯ ಮಾಡಬೇಡಿ.

ಪೊಲೀಸರ ವಿಷಯ. ಗಂಡಸು ಹೀಲ್ಸ್ ಹಾಕಬಾರದು ಅನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ, ಹಿಜಡಾ ಸಮುದಾಯದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ಹಿಡಿದು ಜೈಲಿಗೆ ಹಾಕುವ ಅವಕಾಶ ಇತ್ತು. ಆ ಕಾಯ್ದೆ ಈಗಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಪರವಾಗಿ 2014ರ ಏಪ್ರಿಲ್‌ನಲ್ಲಿ ಬಂದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿದೆ. ತಾನು ಯಾರು ಅನ್ನುವುದನ್ನು ಉಡುಪಿನ ಮೂಲಕ ತೋರಿಸಿಕೊಳ್ಳುವುದೂ ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರುತ್ತದೆ ಅಂತ. ಆ ಮೊಕದ್ದಮೆ ನಿಮ್ಮಂಥವರ ಬಗ್ಗೆ ಇರಲಿಲ್ಲ, ಬೀದಿಯಲ್ಲಿ ಏಟು ತಿಂದವರ ಬಗ್ಗೆ ಇತ್ತು. ಆದರೆ ಅವರು ಗೆದ್ದ ನೆಲದ ಮೇಲೆಯೇ ನೀವೂ ನಿಂತಿರುವುದು. ಖಾಸಗಿ ಕಂಪನಿಯಲ್ಲಿ ಉಡುಪಿನ ನಿಯಮ ಇರಬಹುದು, ಅದನ್ನು ಓದಿಕೊಳ್ಳಿ. 'ಔಪಚಾರಿಕ ಶೂ' ಅಂತಷ್ಟೇ ಇದ್ದರೆ ಒಂದು ಕಪ್ಪು ಹೀಲ್ ಬೂಟಿಗೆ ಯಾರೂ ನಿಯಮ ತೋರಿಸಲಾರರು.

ಬೀದಿಯ ಕಾನೂನು ಬೇರೆಯೇ ಇದೆ. ಗಂಡಸು ಹೀಲ್ಸ್ ಹಾಕಿದರೆ ಜನ ಅದಕ್ಕೊಂದು ನೆಪ ಹುಡುಕುತ್ತಾರೆ. ಅಮೆರಿಕದಲ್ಲಿ 2001ರಿಂದ ಗಂಡಸರು ಹೆಂಗಸರ ಹೀಲ್ಸ್ ಹಾಕಿಕೊಂಡು ಒಂದು ಮೈಲಿ ನಡೆಯುವ ಮೆರವಣಿಗೆಗಳಿವೆ, ಹೆಂಗಸರ ಮೇಲಿನ ಹಿಂಸೆಯ ವಿರುದ್ಧ. ವಾಷಿಂಗ್ಟನ್‌ನಲ್ಲಿ 1986ರಿಂದ ಹ್ಯಾಲೊವೀನ್ ಹಬ್ಬದ ಹಿಂದಿನ ಮಂಗಳವಾರ ಹೀಲ್ಸ್ ಹಾಕಿದ ಗಂಡಸರ ಓಟದ ಪಂದ್ಯ ನಡೆಯುತ್ತದೆ, ನೋಡಲು ರಸ್ತೆ ತುಂಬ ಜನ. ಒಳ್ಳೆಯ ಕೆಲಸಕ್ಕೆ ಆದರೆ ಚಪ್ಪಾಳೆ, ತಮಾಷೆಗೆ ಆದರೆ ಕೇಕೆ. ನಮ್ಮಲ್ಲೂ ಹಾಗೇ. ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊತ್ತು ಬರುವ ಅರ್ಚಕರು ಅರಿಶಿನ ಬಣ್ಣದ ಸೀರೆ ಉಟ್ಟು, ಬಳೆ ತೊಟ್ಟಿರುತ್ತಾರೆ. ಊರಿಗೆ ಊರೇ ಕೈಮುಗಿಯುತ್ತದೆ. ಯಕ್ಷಗಾನದ ಸ್ತ್ರೀವೇಷಕ್ಕೆ ಶಿಳ್ಳೆ ಬೀಳುತ್ತದೆ. ದೇವರಿಗೆ ಸರಿ, ಕಲೆಗೆ ಸರಿ, ನಗೆಗೆ ಸರಿ. ಸುಮ್ನೆ ಇಷ್ಟ ಅಂತ ಹಾಕಿಕೊಂಡು ತರಕಾರಿ ತರಲು ಹೋದರೆ ಮಾತ್ರ ಜನರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ನೀವು ಕೇಳುತ್ತಿರುವುದು ಆ ಕೊನೆಯದನ್ನು. ಅದು ಸುಲಭ ಅಂತ ನಾನು ಹೇಳಲಾರೆ.

ಹಾಗಾಗಿ ಜಾಗ ನೋಡಿ ಶುರುಮಾಡಿ. ದೊಡ್ಡ ಮಾಲ್‌ನ ನೆಲ ನುಣುಪು, ಕಾವಲು ಇದೆ, ಯಾರೂ ಯಾರನ್ನೂ ಜಾಸ್ತಿ ಹೊತ್ತು ನೋಡುವುದಿಲ್ಲ. ಗೆಳೆಯರೊಬ್ಬರು ಜತೆಗಿರಲಿ. ಚೀಲದಲ್ಲಿ ಒಂದು ಜೋಡಿ ಹವಾಯಿ ಚಪ್ಪಲಿ ಇರಲಿ, ಕಾಲು ನೊಂದಾಗ ಬೇಕು, ಜಾಗ ಬಿಡಬೇಕಾದಾಗ ಇನ್ನೂ ಬೇಕು. ಹೀಲ್ಸ್‌ನಲ್ಲಿ ಓಡಲು ಆಗುವುದಿಲ್ಲ, ಆದ್ದರಿಂದ ರಾತ್ರಿ ನಿರ್ಜನ ರಸ್ತೆ ಬೇಡ. ಯಾರಾದರೂ ಮೊಬೈಲ್ ಎತ್ತಿ ಫೋಟೋ ತೆಗೆದರೆ ಜಗಳಕ್ಕೆ ಇಳಿಯಬೇಡಿ. ಎದುರಾ ಎದುರು ನೋಡಿ 'ಯಾಕ್ರೀ?' ಅಂತ ಕೇಳಿ ಮುಂದೆ ಹೋಗಿ. ಬೆಂಗಳೂರಿನ ಫುಟ್‌ಪಾತ್ ಬಗ್ಗೆ ಏನು ಹೇಳಲಿ, ಚರಂಡಿಯ ಮೇಲಿನ ಚಪ್ಪಡಿಗಳ ಸಂದಿಗೆ ಅಗಲ ಹೀಲೇ ಸಿಕ್ಕಿಕೊಳ್ಳುತ್ತದೆ. ಸೂಜಿ ಹೀಲ್ ಹಾಕಿದವರು ಎಸ್ಕಲೇಟರ್ ಬಿಟ್ಟು ಲಿಫ್ಟ್ ಹತ್ತಬೇಕು, ಅದರ ಹಲ್ಲುಗಳ ನಡುವೆ ತುದಿ ಹೂತುಕೊಳ್ಳುತ್ತದೆ.

ನಡಿಗೆಯಲ್ಲಿ ಗಂಡಸರು ಮಾಡುವ ತಪ್ಪು ಒಂದೇ, ದೊಡ್ಡ ಹೆಜ್ಜೆ. ಶೂ ಹಾಕಿದಾಗಿನ ಹೆಜ್ಜೆಯ ಮುಕ್ಕಾಲು ಭಾಗ ಸಾಕು. ಹಿಮ್ಮಡಿ ಮೊದಲು ಊರಿ, ಕೂಡಲೇ ಮುಂಭಾಗ ಇಳಿಸಿ. ಮೊಣಕಾಲು ಬಗ್ಗಿಸಿಕೊಂಡು ನಡೆಯಬೇಡಿ, ನೆಲ ನೋಡುತ್ತಲೂ ನಡೆಯಬೇಡಿ. ಮೊದಲ ವಾರಗಳಲ್ಲಿ ಮನೆಯೊಳಗೆ ದಿನ ಬಿಟ್ಟು ದಿನ ಅರ್ಧ ಗಂಟೆ ಮೀರದಿರಲಿ.

ಕಾಲು ಹಾಳಾಗುತ್ತದಾ ಅಂದರೆ, ದಿನಾ ಇಡೀ ದಿನ ಹಾಕಿದರೆ ಹೌದು. ಹಿಮ್ಮಡಿ 1 ಇಂಚು ಮೇಲೆದ್ದರೆ ಪಾದದ ಮುಂಭಾಗದ ಮೇಲಿನ ಒತ್ತಡ ಸುಮಾರು ಐದನೇ ಒಂದು ಪಾಲು ಏರುತ್ತದೆ. 2 ಇಂಚಿಗೆ ಅರ್ಧಕ್ಕಿಂತ ಜಾಸ್ತಿ, 3 ಇಂಚಿಗೆ ಮುಕ್ಕಾಲು ಪಾಲು. ಉರಿ, ಆಣಿ, ಹೆಬ್ಬೆರಳ ಬುಡದಲ್ಲಿ ಗಂಟು, ಎಲ್ಲ ಅಲ್ಲಿಂದ ಬರುವುದು. ಮೊಣಕಾಲಿನ ಒಳಬದಿಗೂ ಭಾರ ಹೆಚ್ಚುತ್ತದೆ. ವರ್ಷಗಟ್ಟಲೆ ಹೀಲ್ಸ್ ಹಾಕಿದ ಹೆಂಗಸರನ್ನು ಪರೀಕ್ಷಿಸಿದ ಒಂದು ಅಧ್ಯಯನ 2010ರಲ್ಲಿ ಬಂತು. ಅವರ ಮೀನಖಂಡದ ಸ್ನಾಯುವಿನ ಎಳೆಗಳು ಸುಮಾರು ಶೇಕಡಾ 13ರಷ್ಟು ಗಿಡ್ಡವಾಗಿದ್ದವು, ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಗಡುಸಾಗಿತ್ತು. ಅಂಥವರಿಗೆ ಹೀಲ್ಸ್ ಕಳಚಿ ಬರಿಗಾಲಲ್ಲಿ ನಿಂತರೆ ನೋವು. ವಾರಕ್ಕೆ ಒಂದೆರಡು ಸಲ, ಕೆಲವು ಗಂಟೆ ಹಾಕುವವರಿಗೆ ಈ ಭಯ ಅಷ್ಟಿಲ್ಲ. ಕಳಚಿದ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸಿ, ಮೀನಖಂಡ ಎಳೆದ ಹಾಗೆ ಆಗಬೇಕು. ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಜೋಮು ಇದ್ದರೆ ಮಾತ್ರ ಡಾಕ್ಟರ ಹತ್ತಿರ ಕೇಳದೆ ಹಾಕಲೇಬೇಡಿ. ಗಾಯವಾದರೂ ಗೊತ್ತಾಗುವುದಿಲ್ಲ.

ಹೆಂಡತಿ ಹೊರಗೆ ಬೇಡ ಅನ್ನುತ್ತಾರೆ ಅಂದಿರಿ. ಮನೆಯೊಳಗೆ ಒಪ್ಪಿದ್ದಾರಲ್ಲ, ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಹೊರಗೆ ಬೇಡ ಅನ್ನುವುದರಲ್ಲಿ ನಿಜವಾಗಿ ಯಾರ ಹೆದರಿಕೆ ಇದೆ ಅಂತ ಕೇಳಿ. ಅಪಾರ್ಟ್‌ಮೆಂಟಿನವರದಾ, ಅವರ ಅಪ್ಪ ಅಮ್ಮನದಾ, ಮುಂದೆ ಮಕ್ಕಳ ಸ್ಕೂಲಿನವರದಾ? ನೀವು ಹಾಕಿಕೊಂಡು ಹೋದರೆ ಜನ ಪ್ರಶ್ನೆ ಕೇಳುವುದು ನಿಮ್ಮನ್ನಲ್ಲ, ಅವರನ್ನು. ಓಣಿಯ ಹೆಂಗಸರು ಲಿಫ್ಟಿನಲ್ಲಿ ಹಿಡಿದು ಕೇಳುವುದು 'ಏನ್ರೀ, ನಿಮ್ಮನೆಯವರು...' ಅಂತಲೇ ಅಲ್ವಾ? ಆ ಪ್ರಶ್ನೆಗೆ ಅವರು ಏನು ಉತ್ತರ ಕೊಡಬೇಕು ಅಂತ ಇಬ್ಬರೂ ಕೂತು ಮಾತಾಡಿ. ಕದ್ದು ಹೊರಗೆ ಹೋಗಿ, ಆಮೇಲೆ ಯಾರದೋ ವಾಟ್ಸಾಪ್‌ನಲ್ಲಿ ಅವರು ನಿಮ್ಮ ಫೋಟೋ ನೋಡುವ ಹಾಗೆ ಮಾಡಬೇಡಿ. ಹಾಸನಕ್ಕೆ ಬೇಡ, ನಿಮ್ಮ ಬೀದಿಗೆ ಬೇಡ, ಊರಿನ ಇನ್ನೊಂದು ತುದಿಗೆ ಸರಿ ಅಂತ ಒಂದು ಗೆರೆ ಇಬ್ಬರೂ ಸೇರಿ ಹಾಕಿಕೊಂಡರೆ ಸಾಕು, ಸದ್ಯಕ್ಕೆ. ಅಂಗಡಿಗೆ ಜತೆಗೆ ಬರುತ್ತಾರಾ ಕೇಳಿ ನೋಡಿ. ಬಂದರೆ ಈ ಸಲ ಕೂತು ಹಾಕಿ ನೋಡುವವರು ನೀವು, ಬಣ್ಣ ಆರಿಸುವವರು ಅವರು. ಬರಲ್ಲ ಅಂದರೆ ಬಿಡಿ, ಒತ್ತಾಯ ಬೇಡ.

ಹಳೆಯ 41ರ ಜೋಡಿಗಳನ್ನು ಅಳತೆ ಹಿಡಿಸುವ ಯಾರಿಗಾದರೂ ಕೊಟ್ಟುಬಿಡಿ. ಹೊಸದು ತಂದ ಮೇಲೆ ಹೀಲ್‌ನ ತುದಿಯ ರಬ್ಬರನ್ನು ಆಗಾಗ ತಿರುಗಿಸಿ ನೋಡುತ್ತಿರಿ. ಅದು ಸವೆದು ಒಳಗಿನ ಮೊಳೆ ಕಂಡರೆ ಟೈಲ್ಸ್ ಮೇಲೆ ಜಾರುವುದು ಗ್ಯಾರಂಟಿ. ಹೀಲ್ಸ್ ರಿಪೇರಿ ಮಾಡಿ ಅಭ್ಯಾಸ ಇರುವ ಚಮ್ಮಾರರು ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಸಿಗುತ್ತಾರೆ, ಹೆಚ್ಚು ಹೊತ್ತು ಹಿಡಿಯದ ಕೆಲಸ. ಎರಡೂ ಕಾಲಿನದ್ದನ್ನು ಒಟ್ಟಿಗೇ ಬದಲಿಸಿ. ಒಂದನ್ನೇ ಬದಲಿಸಿದರೆ ಎರಡು ಹೀಲ್‌ಗಳ ಎತ್ತರದಲ್ಲಿ ವ್ಯತ್ಯಾಸ ಬಂದು ಸೊಂಟ ಹಿಡಿದುಕೊಳ್ಳುತ್ತದೆ.